ಸಾಂತಾ ಕ್ಲಾಸನ ಬಿಲ್ಲಿಗೆ 80ಜಿ ಸಿಗುವುದಿಲ್ಲ

ಡಿಸೆಂಬರ್ ಮೂರನೆಯ ವಾರದ ಹೊತ್ತಿಗೆ ನಮ್ಮ ಕಚೇರಿಗೆ ಒಂದು ಕರೆ ಬಂದೇ ಬರುತ್ತದೆ. ಮಾತನಾಡುವವರು ಆಟಗಾರರಲ್ಲ, ಅವರ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರು. “ಆಡಿಟರ್ ಸಾರ್, ಕ್ರಿಸ್‌ಮಸ್‌ಗೆ ನಮ್ಮ ಹುಡುಗ ಆಶ್ರಮದ ಮಕ್ಕಳಿಗೆ ಸೈಕಲ್, ಬ್ಯಾಗು, ಕ್ರಿಕೆಟ್ ಕಿಟ್ ಎಲ್ಲಾ ಕೊಡ್ತಿದ್ದಾನೆ. ಬಿಲ್ ಪಕ್ಕಾ ಇದೆ, ಜಿಎಸ್‌ಟಿ ಸಮೇತ. 80ಜಿ ಹಾಕ್ಬಿಡಿ.” 80ಜಿ ಎಂದರೆ ದಾನ ಕೊಟ್ಟವರಿಗೆ ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಡಿತ ಕೊಡುವ ಕಲಮು. ಹಾಕಲು ಬರುವುದಿಲ್ಲ ಎಂದು ಹೇಳಿದರೆ ಅದೇ ಮಾತು ಇನ್ನಷ್ಟು ಗಟ್ಟಿಯಾಗಿ ಮರಳಿ ಬರುತ್ತದೆ: “ಬಿಲ್ ಇದೆ ಸಾರ್!”

ಬಿಲ್ಲು ಇಲ್ಲವೆಂದು ನಾನು ಎಂದೂ ಹೇಳಿಲ್ಲ. ಬಿಲ್ಲು ಇದ್ದರೂ ಪ್ರಯೋಜನವಿಲ್ಲ ಎನ್ನುವುದಷ್ಟೇ ನನ್ನ ಮಾತು. ಹಲವು ವರ್ಷಗಳಿಂದ ಕೆಲವು ಆಟಗಾರರ ತೆರಿಗೆ ವಿವರಗಳನ್ನೂ, ಬೇರೆ ಕಡೆ ಮಕ್ಕಳ ಪಾಲನಾ ಸಂಸ್ಥೆಗಳ ಲೆಕ್ಕಪತ್ರಗಳನ್ನೂ ನೋಡುತ್ತಿರುವುದರಿಂದ, ಕೊಡುವವರ ಕಪಾಟು ಮತ್ತು ಪಡೆಯುವವರ ಉಗ್ರಾಣ ಎರಡೂ ನನಗೆ ಚೆನ್ನಾಗಿ ಗೊತ್ತು. ಈ ಒಂದು ವಿಷಯವನ್ನು ಇಷ್ಟು ಸಲ ಬಾಯಲ್ಲಿ ಹೇಳಿದ್ದಾಯಿತು. ಈಗ ಬರೆದೂ ನೋಡೋಣ.

ಹಬ್ಬದ ದಿನ ಮಕ್ಕಳ ಬಳಿ ಹೋಗುವುದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. 2018ರ ಕ್ರಿಸ್‌ಮಸ್‌ಗೆ ಸಚಿನ್ ತೆಂಡೂಲ್ಕರ್ ಕೆಂಪು ಅಂಗಿ, ಬಿಳಿ ಗಡ್ಡ ಹಾಕಿಕೊಂಡು ಮುಂಬೈಯ ಆಶ್ರಯ ಮಕ್ಕಳ ಕೇಂದ್ರಕ್ಕೆ ಹೋಗಿ ಅಲ್ಲಿನ ಮಕ್ಕಳೊಂದಿಗೆ ಕ್ರಿಕೆಟ್ ಆಡಿದರು. ಮರುವರ್ಷ ವಿರಾಟ್ ಕೊಹ್ಲಿ ಕೋಲ್ಕತ್ತದ ಆಶ್ರಯಧಾಮವೊಂದಕ್ಕೆ ಅದೇ ವೇಷದಲ್ಲಿ ಹೋಗಿ ಉಡುಗೊರೆ ಹಂಚಿ, ಕೊನೆಗೆ ಗಡ್ಡ ಕಿತ್ತಾಗ ಮಕ್ಕಳು ಓಡಿಬಂದು ತಬ್ಬಿಕೊಂಡ ದೃಶ್ಯವನ್ನು ಅನೇಕರು ನೋಡಿರಬಹುದು. ಆ ಸಂತೋಷಕ್ಕೆ ಬೆಲೆ ಕಟ್ಟುವುದು ನನ್ನ ವೃತ್ತಿಗೆ ಸೇರಿದ್ದಲ್ಲ. ಆದರೆ ಆ ದೃಶ್ಯ ನೋಡಿದ ಪ್ರತಿಯೊಬ್ಬ ಮ್ಯಾನೇಜರೂ ‘ನಮ್ಮ ಹುಡುಗನೂ ಹೀಗೇ ಮಾಡಲಿ, ತೆರಿಗೆಯೂ ಉಳಿಯಲಿ’ ಎಂದುಕೊಂಡಾಗ ನನ್ನ ಕೆಲಸ ಆರಂಭವಾಗುತ್ತದೆ.

ನಿಯಮ ತೀರಾ ಸರಳವಾಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ವಿವರಣೆಯೊಂದು, ದಾನವು ಹಣದ ರೂಪದಲ್ಲಿ ಇಲ್ಲದಿದ್ದರೆ ಅದಕ್ಕೆ ಕಡಿತವಿಲ್ಲ ಎಂದು ನೇರವಾಗಿ ಹೇಳುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಕಲಮು, ನಮೂನೆಗಳ ಸಂಖ್ಯೆ ಬದಲಾಗಿದ್ದರೂ ಜನರ ಬಾಯಲ್ಲಿ 80ಜಿಯಂಥ ಹಳೆಯ ಹೆಸರುಗಳೇ ಉಳಿದಿರುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಹಣವೆಂದರೆ ಹಣ. ಸೈಕಲ್ಲು ಹಣವಲ್ಲ, ಕಂಬಳಿ ಹಣವಲ್ಲ, ಕೇಕು ಹಣವಲ್ಲ. ನಿಮ್ಮ ಕಾರ್ಡಿನಿಂದಲೇ ಅಂಗಡಿಗೆ ಪಾವತಿಯಾಗಿದ್ದರೂ, ಬಿಲ್ಲಿನಲ್ಲಿ ಸಂಸ್ಥೆಯ ವಿಳಾಸವನ್ನೇ ಬರೆಸಿದ್ದರೂ, ಅಂಗಡಿಯವನು ನೇರವಾಗಿ ಅಲ್ಲಿಗೇ ಲಾರಿ ಕಳುಹಿಸಿದ್ದರೂ ನೀವು ಕೊಟ್ಟದ್ದು ವಸ್ತುವೇ. ಹಣದಲ್ಲೂ ಒಂದು ಮಿತಿ ಇದೆ: 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಕಡಿತ ಸಿಗುವುದಿಲ್ಲ. ಆದ್ದರಿಂದ ವೇದಿಕೆಯ ಮೇಲೆ ಲಕೋಟೆಯಲ್ಲಿ ನೋಟು ಕೊಡುವ ಪದ್ಧತಿಯನ್ನೂ ಬಿಡಬೇಕು. ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ, ಸಂಸ್ಥೆಯ ಹೆಸರಿಗೇ ಹೋಗಬೇಕು.

ಇಷ್ಟು ಹೇಳಿದ ಮೇಲೂ ಬರುವ ಪ್ರಶ್ನೆಯೊಂದಿದೆ, ಮತ್ತು ಅದು ದಡ್ಡ ಪ್ರಶ್ನೆಯಲ್ಲ. ದಾನ ಪಡೆದ ಸಂಸ್ಥೆ ಪ್ರತಿವರ್ಷ ಇಲಾಖೆಗೆ 10ಬಿಡಿ ನಮೂನೆಯಲ್ಲಿ ದಾನಿಗಳ ಪಟ್ಟಿ ಸಲ್ಲಿಸಿ, ಅದರ ಆಧಾರದ ಮೇಲೆ ದಾನಿಗೆ 10ಬಿಇ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2021-22ನೇ ಸಾಲಿನಿಂದ ಬಂದಿದೆ. ಆ ನಮೂನೆಯಲ್ಲಿ ದಾನ ಬಂದ ಬಗೆಯನ್ನು ಗುರುತಿಸುವ ಅಂಕಣವಿದ್ದು, ನಗದು ಮತ್ತು ಬ್ಯಾಂಕಿನ ಜೊತೆಗೆ ‘ವಸ್ತುರೂಪ’ ಎನ್ನುವ ಆಯ್ಕೆಯೂ ಇದೆ. ಮ್ಯಾನೇಜರು ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, “ಸರ್ಕಾರವೇ ಒಪ್ಪಿದೆಯಲ್ಲ ಸಾರ್?” ಎನ್ನುತ್ತಾರೆ. ಸರ್ಕಾರ ಒಪ್ಪಿರುವುದು ಸಂಸ್ಥೆ ವಸ್ತುವನ್ನು ಪಡೆದಿದೆ ಎಂಬುದನ್ನು ಮಾತ್ರ. ಪಡೆದದ್ದನ್ನು ದಾಖಲಿಸುವುದು ಸಂಸ್ಥೆಯ ಹೊಣೆ; ಕಡಿತ ಕೇಳುವುದು ದಾನಿಯ ಹಕ್ಕಿನ ಪ್ರಶ್ನೆ; ಮೊದಲನೆಯದರಿಂದ ಎರಡನೆಯದು ಹುಟ್ಟುವುದಿಲ್ಲ. ಪ್ರಮಾಣಪತ್ರ ಕೈಯಲ್ಲಿದೆ ಎಂಬ ಧೈರ್ಯದಿಂದ ಕಡಿತ ಕೇಳಿದವರಿಗೆ ನೋಟಿಸು ಬಂದರೆ ಉತ್ತರ ಬರೆಯುವುದು ಕಷ್ಟವಾಗುತ್ತದೆ. ಬರೆಯುವವನು ನಾನಾದ್ದರಿಂದ ಮುಂಚೆಯೇ ಹೇಳುತ್ತಿದ್ದೇನೆ.

ಕಾನೂನು ವಸ್ತುವಿನ ಮೇಲೆ ಹೀಗೇಕೆ ಮುನಿಸಿಕೊಂಡಿದೆ ಎಂದು ಕೇಳುವವರಿಗೆ ನಾನು ಹಸ್ತಾಕ್ಷರ ಹಾಕಿದ ಬ್ಯಾಟಿನ ಉದಾಹರಣೆ ಕೊಡುತ್ತೇನೆ. ಆಟಗಾರ ತನ್ನ ಬ್ಯಾಟಿನ ಮೇಲೆ ಸಹಿ ಮಾಡಿ ಸಂಸ್ಥೆಗೆ ಕೊಟ್ಟರೆ ಅದರ ಬೆಲೆಯೆಷ್ಟು? ಅಂಗಡಿಯ ಬೆಲೆಯೇ, ಸಹಿಯ ಬೆಲೆಯೇ, ಅಥವಾ ಪ್ರಾಯೋಜಕರಿಂದ ಪುಕ್ಕಟೆ ಬಂದದ್ದರಿಂದ ಸೊನ್ನೆಯೇ? ಇದಕ್ಕೆ ಸರಿಯಾದ ದಾರಿಯನ್ನು ನಮ್ಮವರೇ ಆದ ಕೆ.ಎಲ್. ರಾಹುಲ್ ತೋರಿಸಿದ್ದಾರೆ. 2020ರ ಏಪ್ರಿಲ್‌ನಲ್ಲಿ ಅವರು 2019ರ ವಿಶ್ವಕಪ್‌ನಲ್ಲಿ ಆಡಿದ ಬ್ಯಾಟು, ಜೆರ್ಸಿ, ಹೆಲ್ಮೆಟ್, ಗ್ಲೌಸುಗಳನ್ನು ಹರಾಜಿಗಿಟ್ಟರು. ಬ್ಯಾಟೊಂದೇ 2 ಲಕ್ಷ 64 ಸಾವಿರ ರೂಪಾಯಿಗೂ ಹೆಚ್ಚಿಗೆ ಹೋಯಿತು. ಒಟ್ಟು ಸುಮಾರು 8 ಲಕ್ಷ ರೂಪಾಯಿ ದುರ್ಬಲ ಮಕ್ಕಳಿಗಾಗಿ ದುಡಿಯುವ ಪ್ರತಿಷ್ಠಾನಕ್ಕೆ ಸಂದಿತು. ಬೆಲೆಯನ್ನು ಮಾರುಕಟ್ಟೆ ಹೇಳಿತು, ಸಂಸ್ಥೆಯ ಕೈಗೆ ಹಣ ಸೇರಿತು, ಲೆಕ್ಕ ಬರೆಯುವವರಿಗೆ ತಲೆನೋವು ಉಳಿಯಲಿಲ್ಲ. ಅದೇ ಬ್ಯಾಟನ್ನು ಆಶ್ರಮವೊಂದಕ್ಕೆ ಕೊಟ್ಟಿದ್ದರೆ ಗಾಜಿನ ಕಪಾಟಿಗೆ ಹೋಗುತ್ತಿತ್ತು, ಇಲ್ಲವೇ ಹುಡುಗರು ಅಂಗಳದಲ್ಲಿ ಆಡಿ ಮುರಿಯುತ್ತಿದ್ದರು. ಎರಡನೆಯದಾಗಿದ್ದರೆ ನನಗೇನೂ ಬೇಸರವಿಲ್ಲ.

ತೆರಿಗೆ ಉಳಿಯುತ್ತದೆ ಎಂಬ ಮಾತಿನಲ್ಲೂ ಉತ್ಪ್ರೇಕ್ಷೆಯಿದೆ. ಸಾಮಾನ್ಯವಾಗಿ ಇಂಥ ಸಂಸ್ಥೆಗಳಿಗೆ ಕೊಟ್ಟ ದಾನದ ಅರ್ಧ ಭಾಗಕ್ಕೆ ಮಾತ್ರ ಕಡಿತ, ಅದೂ ನಿಗದಿತ ರೀತಿಯಲ್ಲಿ ಲೆಕ್ಕ ಹಾಕಿದ ಒಟ್ಟು ಆದಾಯದ ಶೇಕಡಾ 10ರ ಮಿತಿಯೊಳಗೆ. ಹತ್ತು ಲಕ್ಷ ಕೊಟ್ಟವರ ಆದಾಯದಿಂದ ಐದು ಲಕ್ಷ ಕಳೆಯುತ್ತದೆ. ಶೇಕಡಾ 30ರ ದರದಲ್ಲಿ ಉಳಿಯುವ ತೆರಿಗೆ ಒಂದೂವರೆ ಲಕ್ಷ, ಸೆಸ್ ಮತ್ತು ಸರ್‌ಚಾರ್ಜು ಸೇರಿದರೆ ಇನ್ನೂ ಸ್ವಲ್ಪ. ಉಳಿದದ್ದು ಕೊಟ್ಟವರ ಜೇಬಿನಿಂದಲೇ ಹೋಗುತ್ತದೆ, ಹೋಗಲೂಬೇಕು, ದಾನವೆಂದರೆ ಅದೇ ತಾನೇ. ಇನ್ನು 2023-24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 80ಜಿ ಇಲ್ಲವೇ ಇಲ್ಲ. ಸಂಬಳದಾರರು ವರ್ಷ ವರ್ಷವೂ ಪದ್ಧತಿ ಬದಲಿಸಬಹುದು. ವೃತ್ತಿ ಆದಾಯವಿರುವ ಆಟಗಾರರಿಗೆ ಹೊಸದನ್ನು ಬಿಟ್ಟು ಹೊರಬಂದರೆ ಹಿಂತಿರುಗಲು ಒಂದೇ ಅವಕಾಶ. ಒಂದು ಕ್ರಿಸ್‌ಮಸ್ ಉಡುಗೊರೆಯ ಸಲುವಾಗಿ ಅಂಥ ನಿರ್ಧಾರ ಕೈಗೊಳ್ಳುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅವರವರ ಆದಾಯ ನೋಡದೆ ಈ ಲೆಕ್ಕವನ್ನು ತಮಗೆ ಅನ್ವಯಿಸಿಕೊಳ್ಳಬಾರದೆಂದು ಓದುಗರಲ್ಲಿ ವಿನಂತಿ.

ತೆರಿಗೆಯನ್ನು ಬದಿಗಿಟ್ಟು ಉಗ್ರಾಣಕ್ಕೆ ಬರೋಣ. ಜನವರಿಯಲ್ಲಿ ಸಂಸ್ಥೆಯೊಂದರ ದಾಸ್ತಾನು ಪುಸ್ತಕ ಪರಿಶೀಲಿಸಲು ಕುಳಿತಾಗ ಕಾಣುವ ಚಿತ್ರ ಪ್ರತಿವರ್ಷವೂ ಬಹುತೇಕ ಒಂದೇ. ಡಿಸೆಂಬರ್ ಕೊನೆಯ ವಾರದ ಪುಟಗಳು ವಾರ್ಡನ್ನಮ್ಮನ ಒತ್ತೊತ್ತಾದ ಅಕ್ಷರಗಳಿಂದ ತುಂಬಿರುತ್ತವೆ: ಶಾಲಾ ಚೀಲ, ಶಾಲಾ ಚೀಲ, ನೀರಿನ ಬಾಟಲಿ, ಶಾಲಾ ಚೀಲ. ಮಕ್ಕಳ ಸಂಖ್ಯೆಗಿಂತ ಚೀಲಗಳ ಸಂಖ್ಯೆ ಹೆಚ್ಚು, ಎಲ್ಲದರ ಮೇಲೂ ಒಂದೇ ಕಾರ್ಟೂನು. ಒಮ್ಮೆ ಒಬ್ಬ ಆಟಗಾರ ಮನಸ್ಸು ಬಿಚ್ಚಿ ಕೊಟ್ಟಿದ್ದ ಕಿಟ್ಟುಗಳು ಮೂಲೆಯಲ್ಲಿ ಹಾಗೆಯೇ ನಿಂತಿದ್ದವು. ದೊಡ್ಡವರ ಅಳತೆಯ ಇಂಗ್ಲಿಷ್ ವಿಲ್ಲೋ ಬ್ಯಾಟುಗಳು, ಚರ್ಮದ ಚೆಂಡುಗಳು. ಅಲ್ಲಿದ್ದವರು ಎಂಟು-ಒಂಬತ್ತು ವರ್ಷದ ಹುಡುಗರು. ಅವರ ಕೈಗೆ ನಾಲ್ಕನೇ ಸೈಜಿನ ಬ್ಯಾಟೂ ಟೆನಿಸ್ ಚೆಂಡೂ ಸಾಕಾಗಿತ್ತು. “ಎತ್ತಕ್ಕೇ ಆಗಲ್ಲ ಸಾರ್ ಅವಕ್ಕೆ, ಆ ಬಾಲು ಹಲ್ಲಿಗೆ ಬಿದ್ರೆ ಆಸ್ಪತ್ರೆಗೆ ಯಾರು ಓಡೋದು?” ಎಂದು ವಾರ್ಡನ್ನಮ್ಮ ಬೀಗ ಹಾಕಿಟ್ಟಿದ್ದರು. ಇನ್ನೊಂದು ಪುಸ್ತಕ, ಅಂದರೆ ಸಂಬಳದ ಪುಸ್ತಕ, ತೆರೆದರೆ ಅಡುಗೆಯವರಿಗೂ ರಾತ್ರಿ ಮಕ್ಕಳನ್ನು ನೋಡಿಕೊಳ್ಳುವ ಆಯಾಗೂ ಹಿಂದಿನ ತಿಂಗಳ ಬಾಕಿ ಇತ್ತು. ಚೀಲ ಮಾರಿ ಸಂಬಳ ಕೊಡಲು ಬರುವುದಿಲ್ಲ. ಕೊಟ್ಟವರು ಮುಂದಿನ ವರ್ಷ ಬಂದು ಕೇಳಿಯಾರೆಂಬ ಅಂಜಿಕೆಯೂ ಇರುತ್ತದೆ.

ವಸ್ತು ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಮೆರಿಕನ್ ಫುಟ್‌ಬಾಲಿನ ಮಾಜಿ ಆಟಗಾರ ವಾರಿಕ್ ಡನ್ 1997ರಿಂದ ನಡೆಸುತ್ತಿರುವ ಕೆಲಸವನ್ನು ನೋಡಿ. ಪೊಲೀಸ್ ಕೆಲಸದಲ್ಲಿದ್ದ ತಾಯಿ ದರೋಡೆಕೋರರ ಗುಂಡಿಗೆ ಬಲಿಯಾದಾಗ ಅವರಿಗೆ ಹದಿನೆಂಟು. ತಮ್ಮಂದಿರ, ತಂಗಿಯರ ಹೊಣೆ ಹೊತ್ತವರು ಅವರೇ. ಆಟದಿಂದ ಹಣ ಬಂದ ಮೇಲೆ, ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರು ಮೊದಲ ಮನೆ ಕೊಳ್ಳುವಾಗ ಮುಂಗಡದ ಹಣಕ್ಕೆ ನೆರವು ನೀಡಿ, ಮನೆಯೊಳಗೆ ಮಂಚ, ಮೇಜು, ಪಾತ್ರೆಗಳನ್ನು ಜೋಡಿಸಿಕೊಡುವ ಯೋಜನೆಯನ್ನು ಹಬ್ಬದ ಹೆಸರಿನಲ್ಲೇ ಆರಂಭಿಸಿದರು. ಅಲ್ಲಿಯೂ ವಸ್ತುವೇ ಇದೆ. ಆದರೆ ಯಾರಿಗೆ ಏನು ಬೇಕೆಂಬುದು ಮೊದಲು ಗೊತ್ತಾಗಿ, ಆಮೇಲೆ ಖರೀದಿ ನಡೆಯುತ್ತದೆ. ನಮ್ಮಲ್ಲಿ ಖರೀದಿ ಮೊದಲು.

ತಿಂಗಳಿನ ವಿಷಯವೂ ಹಾಗೆಯೇ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ 2020ರಲ್ಲಿ ಕ್ರಿಸ್‌ಮಸ್ ರಜೆಯನ್ನು ಹಿಡಿದು ಹಟ ಮಾಡಿದ್ದಕ್ಕೆ ಕಾರಣವಿತ್ತು: ಶಾಲೆಗೆ ರಜೆ ಬಿದ್ದರೆ ಬಡಮಕ್ಕಳ ಉಚಿತ ಊಟಕ್ಕೂ ರಜೆ. ಬಾಲ್ಯದಲ್ಲಿ ತಾನೂ ಆ ಊಟ ಉಂಡವನಾದ್ದರಿಂದ ಅವರಿಗೆ ಅದು ಗೊತ್ತಿತ್ತು. ಅವರು ಹೊಸದಾಗಿ ಊಟ ಹಂಚಲು ಹೋಗದೆ, ಗೋದಾಮು ವಾಹನ ಎಲ್ಲ ಇದ್ದ ಫೇರ್‌ಶೇರ್ ಎಂಬ ಸಂಸ್ಥೆಯ ಬೆನ್ನಿಗೆ ನಿಂತರು. ಅಕ್ಟೋಬರ್‌ನಲ್ಲಿ ಸಂಸತ್ತು 322-261 ಮತಗಳಿಂದ ಬೇಡಿಕೆಯನ್ನು ತಳ್ಳಿಹಾಕಿತು. ನವೆಂಬರ್‌ನಲ್ಲಿ ಸರ್ಕಾರವೇ ಚಳಿಗಾಲದ ನೆರವಿಗೆ 17 ಕೋಟಿ ಪೌಂಡ್ ಪ್ರಕಟಿಸಿತು. ನಮ್ಮ ಮಕ್ಕಳ ಸಂಸ್ಥೆಗಳಿಗೆ ಆ ಬಗೆಯ ಬಿಗಿ ಬರುವುದು ಡಿಸೆಂಬರ್‌ನಲ್ಲಲ್ಲ, ಜೂನ್‌ನಲ್ಲಿ. ಶಾಲೆ ತೆರೆಯುತ್ತದೆ, ಸಮವಸ್ತ್ರ, ಪುಸ್ತಕ, ಶುಲ್ಕ ಎಲ್ಲವೂ ಒಟ್ಟಿಗೆ ಬರುತ್ತವೆ, ಆಗ ಯಾವ ಆಟಗಾರನ ಮ್ಯಾನೇಜರೂ ಕರೆ ಮಾಡುವುದಿಲ್ಲ. ಆ ಹೊತ್ತಿಗೆ ಐಪಿಎಲ್ಲಿನ ಸುಸ್ತು.

ಇನ್ನು ಕೆಲವು ಎಚ್ಚರಿಕೆಗಳು. ಹೆಸರು ಬೇಡವೆನ್ನುವ ಸಂಕೋಚದ ಆಟಗಾರರೂ ಇದ್ದಾರೆ, ಅವರ ಮೇಲೆ ನನಗೆ ವಿಶೇಷ ಪ್ರೀತಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ, ಆದರೆ ಸಂಸ್ಥೆಯ ರಶೀದಿ ಪುಸ್ತಕಕ್ಕೆ ತಿಳಿಯಬೇಕು. ದಾನಿಯ ಹೆಸರು ವಿಳಾಸ ಇಲ್ಲದ ದಾನ ನಿಗದಿತ ಮಿತಿ ದಾಟಿದರೆ ಸಂಸ್ಥೆಯೇ ಅದರ ಮೇಲೆ ಶೇಕಡಾ 30 ತೆರಿಗೆ ಕಟ್ಟಬೇಕಾಗುತ್ತದೆ. ಫಲಕದ ಮೇಲೆ ಹೆಸರು ಬೇಡವೆಂದರೆ ಸಾಕು.

ವಿದೇಶಿ ಆಟಗಾರರ ಕೊಡುಗೆ ಹಣವಾಗಿರಲಿ ವಸ್ತುವಾಗಿರಲಿ, ವಿದೇಶಿ ವಂತಿಗೆ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ಅದನ್ನು ಮುಟ್ಟಬಾರದು. ಇದ್ದರೂ ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹೊರದೇಶದಲ್ಲಿರುವ ಕನ್ನಡಿಗರೂ ಗಮನಿಸಬೇಕು: ಭಾರತದ ಪಾಸ್‌ಪೋರ್ಟು ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆಯಲ್ಲ, ಬೇರೆ ದೇಶದ ಪೌರತ್ವ ಪಡೆದು ಓಸಿಐ ಕಾರ್ಡು ಇಟ್ಟುಕೊಂಡವರದು ಹೌದು.

ಫೋಟೊ ಬಗ್ಗೆ ವಕೀಲರನ್ನು ಕೇಳಬೇಕು. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಕ್ಕಳ ಗುರುತು ಅಥವಾ ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ, ಆರು ತಿಂಗಳವರೆಗಿನ ಸೆರೆಮನೆವಾಸ ಅಥವಾ ಎರಡು ಲಕ್ಷದವರೆಗಿನ ದಂಡವೂ ಇದೆ, ಎರಡೂ ಆಗಬಹುದು ಎಂಬಷ್ಟನ್ನು ಮಾತ್ರ ನಾನು ಹೇಳಬಲ್ಲೆ. ವಾರ್ಡನ್ ಒಪ್ಪಿದರು ಎಂಬುದು ಉತ್ತರವಾಗಲಾರದು.

ಈ ಬಾರಿಯೂ ಕ್ರಿಸ್‌ಮಸ್‌ಗೆ ಹೋಗುವವರು ಹೋಗಲಿ, ಕೇಕು ಕತ್ತರಿಸಲಿ, ಟೆನಿಸ್ ಚೆಂಡಿನಲ್ಲಿ ಒಂದು ಗಂಟೆ ಆಡಲಿ. ಆ ಕೇಕಿನ ಬಿಲ್ಲನ್ನು ನನಗೆ ಕಳುಹಿಸುವುದು ಬೇಡ. ಹಣ ಕೊಡುವುದಿದ್ದರೆ ಮೊದಲು ಸಂಸ್ಥೆಯ 80ಜಿ ಅನುಮೋದನೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡು, ಸಂಬಳಕ್ಕೂ ಬಳಸಬಹುದೆಂದು ಒಂದು ಸಾಲಿನ ಪತ್ರ ಬರೆದು, ಮಾರ್ಚ್ 31ರೊಳಗೆ ವರ್ಗಾಯಿಸಿ. 10ಬಿಇ ಪ್ರಮಾಣಪತ್ರ ಮೇ 31ರ ಹೊತ್ತಿಗೆ ಕೈಸೇರಬೇಕು; ಸೇರದಿದ್ದರೆ ಜೂನ್ ಮೊದಲ ವಾರದಲ್ಲಿ ಸಂಸ್ಥೆಗೆ ಕರೆ ಮಾಡಿ ಕೇಳಿ. ಕೇಳುವಾಗ, ಸಮವಸ್ತ್ರದ ಬಾಬತ್ತು ಏನಾಯಿತು ಎಂದೂ ವಿಚಾರಿಸಿ.