ಎರಡು ಬ್ಯಾಟರಿಯ ನಡುವಿಂದ ವೈರ್ ಎಳೆಯಬೇಡಿ

ಅಮೆರಿಕದ ಸೇನೆಗೆ ಎಂ35 ಲಾರಿ ಬಂದದ್ದು 1950ರ ಸುಮಾರಿಗೆ. ಎರಡೂವರೆ ಟನ್ ಹೊರುವ ಗಾಡಿ, ಅದಕ್ಕೇ ಅಲ್ಲಿನವರ ಬಾಯಲ್ಲಿ ಅದು 'ಡ್ಯೂಸ್ ಅಂಡ್ ಎ ಹಾಫ್'. ಸೇನೆಗೆ ಬೇಡವಾದಾಗ ಇವು ಹರಾಜಿಗೆ ಬಂದವು. ರೈತರೂ ಹಳೇ ಗಾಡಿಗಳ ಹುಚ್ಚಿನವರೂ ಕೊಂಡರು. ಹಿಂದೆ ಒಂದು ಮಾಮೂಲಿ ಟ್ರೇಲರ್ ಕಟ್ಟಿ, ಲೈಟಿನ ವೈರ್ ಸೇರಿಸಿ ಬ್ರೇಕ್ ಒತ್ತಿದರೆ ಬಲ್ಬ್ ಒಮ್ಮೆ ಬೆಳ್ಳಗೆ ಮಿಂಚಿ ಸತ್ತುಹೋಗುತ್ತದೆ. ಲಾರಿಯದು 24 ವೋಲ್ಟ್, ಟ್ರೇಲರಿನದು 12.

ಎರಡು ಪಟ್ಟು ತಾನೇ, ಸ್ವಲ್ಪ ಹೊತ್ತಾದರೂ ತಡೆಯಬೇಕಲ್ವಾ? ಇಲ್ಲ. ಫಿಲಮೆಂಟ್ ಬಲ್ಬಿನ ಆಯಸ್ಸು ವೋಲ್ಟೇಜಿನ ಸುಮಾರು 12ನೇ ಘಾತದ ಲೆಕ್ಕದಲ್ಲಿ ಕುಸಿಯುತ್ತದೆ. ಎರಡನ್ನು ಎರಡರಿಂದ ಹಾಗೇ ಗುಣಿಸುತ್ತಾ ಹೋಗಿ, ಹನ್ನೆರಡು ಎರಡುಗಳಿಗೆ 4096 ಆಗುತ್ತದೆ. ಸಾವಿರ ಗಂಟೆ ಉರಿಯಬೇಕಾದ ಬಲ್ಬಿಗೆ ಕಾಗದದ ಮೇಲೆ ಉಳಿಯೋದು ಕಾಲು ಗಂಟೆ. ನಿಜದಲ್ಲಿ ಅಷ್ಟೂ ಸಿಗಲ್ಲ. ಟಂಗ್‌ಸ್ಟನ್ ತಂತಿ ತನ್ನ ಕರಗುವ ಬಿಸಿಯ ಹತ್ತಿರಕ್ಕೇ ಹೋಗಿಬಿಡುತ್ತದೆ.

ಸೇನೆ 24 ಹಿಡಿದದ್ದಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪ್ 6 ವೋಲ್ಟಿನದು. ಯುದ್ಧ ಮುಗಿದ ಮೇಲೆ 1950ರಲ್ಲಿ ಬಂದ ಎಂ38 ಜೀಪಿಗೆ 24 ಕೊಟ್ಟರು, ವೈರಿಂಗಿಗೆ ನೀರು ಹೋಗದ ಹಾಗೂ ಮಾಡಿದರು. ವೋಲ್ಟೇಜ್ ಎರಡು ಪಟ್ಟಾದರೆ ಅದೇ ಕೆಲಸಕ್ಕೆ ಅರ್ಧ ಕರೆಂಟ್ ಸಾಕು. ಅದೇ ವೈರಿನಲ್ಲಿ ಬಿಸಿಯಾಗಿ ಪೋಲಾಗೋದು ಮಾತ್ರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈ ಲಾರಿಗಳ ಹಿಂದಿನ ಟ್ರೇಲರ್ ಸಾಕೆಟ್ಟಿಗೆ 12 ಪಿನ್. ಮಾಮೂಲಿ ಚಿಕ್ಕ ಟ್ರೇಲರಿಗೆ ನಾಲ್ಕೇ ಸಾಕು. ಉಳಿದ ಪಿನ್ನುಗಳಲ್ಲಿ ಕೆಲವು ಕತ್ತಲ ಓಡಾಟಕ್ಕೆ. ಶತ್ರು ವಿಮಾನಕ್ಕೆ ಕಾಣಬಾರದು, ಹಿಂದಿನ ಲಾರಿಯ ಡ್ರೈವರಿಗೆ ಮಾತ್ರ ಕಾಣಬೇಕು. ಅದಕ್ಕೆ ಲಾರಿಯ ಹಿಂಬದಿಯಲ್ಲಿ ಮಂಕಾದ ಪುಟ್ಟ ಕಿಂಡಿಗಳನ್ನು ಜೋಡಿಜೋಡಿಯಾಗಿ ಇಟ್ಟರು. ನಾಲ್ಕು ಚುಕ್ಕಿ ಕಂಡರೆ ತೀರಾ ಹತ್ತಿರ ಬಂದಿದ್ದೀಯ, ಎರಡು ಕಂಡರೆ ಸರಿ, ಒಂದೇ ಕಂಡರೆ ಹಿಂದೆ ಬಿದ್ದಿದ್ದೀಯ. ಒಂದು ಸೆಂಟಿಮೀಟರ್ ದೂರದಲ್ಲಿರುವ ಎರಡು ಚುಕ್ಕಿ ಸುಮಾರು 34 ಮೀಟರ್ ಆಚೆಗೆ ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುತ್ತವೆ. ಕಣ್ಣಿನ ಈ ಮಿತಿಯನ್ನೇ ಅಳತೆಗೋಲು ಮಾಡಿಕೊಂಡವರ ತಲೆಗೆ ನಾನು ಕೈ ಮುಗಿಯುತ್ತೇನೆ.

ಸರಿ, ಬಲ್ಬಿಗೆ ಬರೋಣ. ಮೊದಲು ಸಿಗುವ ಸಲಹೆ "ಮಧ್ಯೆ ಒಂದು ರೆಸಿಸ್ಟರ್ ಹಾಕು", ಅಂದರೆ ಕರೆಂಟಿಗೆ ಅಡ್ಡ ನಿಂತು ವೋಲ್ಟೇಜ್ ಇಳಿಸುವ ಪುಟ್ಟ ಬಿಡಿಭಾಗ. ಬ್ರೇಕ್ ಫಿಲಮೆಂಟ್ ಸುಮಾರು 2 ಆಂಪಿಯರ್ ಎಳೆಯುತ್ತದೆ, ಟೇಲ್ ಫಿಲಮೆಂಟ್ ಅರ್ಧ ಆಂಪಿಯರಿಗಿಂತ ಸ್ವಲ್ಪ ಜಾಸ್ತಿ. ಒಂದಕ್ಕೆ ಹೊಂದುವ ರೆಸಿಸ್ಟರ್ ಇನ್ನೊಂದಕ್ಕೆ ಹೊಂದಲ್ಲ. ಜೊತೆಗೆ ಬಲ್ಬಿನಷ್ಟೇ ವಿದ್ಯುತ್ತನ್ನು ಅದೂ ತಿಂದು ಸುಡುತ್ತಾ ಕೂರುತ್ತದೆ.

ಎರಡನೇ ಸಲಹೆ ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. "24 ಅಂದ್ರೆ 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು. ನಡುವಿಂದ ಒಂದು ವೈರ್ ಎಳೆದರೆ 12 ಸಿಗುತ್ತೆ, ಖರ್ಚೇ ಇಲ್ಲ." ನಮ್ಮ ದೊಡ್ಡ ಲಾರಿಗಳಲ್ಲೂ ಎಷ್ಟೋ 24 ವೋಲ್ಟಿನವೇ. ಎಷ್ಟೋ ಕ್ಯಾಬಿನ್‌ಗಳಲ್ಲಿ ಹಾಡಿನ ಪೆಟ್ಟಿಗೆ ಓಡೋದು ಹೀಗೆ ಎಳೆದ ವೈರಿನಿಂದ.

ಹಾವೇರಿ ಹತ್ತಿರ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಅಂಥ ಲಾರಿಯ ಬ್ಯಾಟರಿ ಪೆಟ್ಟಿಗೆ ತೆರೆದಿದ್ದನ್ನು ನೋಡಿದ್ದೆ. ಎರಡೂ ಒಂದೇ ದಿನ ತಂದ ಬ್ಯಾಟರಿ. ಒಂದರ ಮುಚ್ಚಳ ಬಿಚ್ಚಿದರೆ ನೀರು ಆರಿ ಪ್ಲೇಟುಗಳ ತಲೆ ಹೊರಗೆ ಕಾಣುತ್ತಿತ್ತು. ಇನ್ನೊಂದರಲ್ಲಿ ನೀರು ಭರ್ತಿ. ಆದರೆ ಆಸಿಡ್ ನೋಡುವ ಗಾಜಿನ ನಳಿಗೆ ಇಳಿಸಿ ಎಳೆದರೆ ಒಳಗಿನ ತೇಲುಬುರುಡೆ ಏಳಲೇ ಇಲ್ಲ, ಕೆಂಪು ಗೆರೆಯಲ್ಲೇ ಮುಳುಗಿತ್ತು. "ಈ ಗಾಡಿಗೆ ಬ್ಯಾಟರಿ ಆಗಿಬರಲ್ಲ ಸಾರ್, ದೃಷ್ಟಿ" ಅಂದ ಡ್ರೈವರ್. ಮುಂದೆ ನಿಂಬೆಹಣ್ಣೂ ಕಟ್ಟಿತ್ತು.

ದೃಷ್ಟಿ ಅಲ್ಲ, ಲೆಕ್ಕ. ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿಗೆ ಕಾಣೋದು ಎರಡರ ಮೊತ್ತ ಮಾತ್ರ, ಸುಮಾರು 28 ವೋಲ್ಟ್. ಅರ್ಧರ್ಧ ಹಂಚಿದರೆ 14, 14. ಈಗ ಕೆಳಗಿನ, ಅಂದರೆ ಗಾಡಿಯ ಮೈಗೆ ಸೇರಿದ ಬ್ಯಾಟರಿಯಿಂದ ಮಾತ್ರ ಕರೆಂಟ್ ಎಳೆದಿದ್ದೀರಿ. ಅದು ಹಸಿದಿದೆ, 13ರಲ್ಲೇ ನಿಲ್ಲುತ್ತದೆ. ಉಳಿದ 15 ಮೇಲಿನದರ ತಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅಕ್ಷರಶಃ ಅದೇ! ತುಂಬಿದ ಬ್ಯಾಟರಿಯೊಳಗೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿಹೋಗುತ್ತದೆ. ಹಸಿದ ಬ್ಯಾಟರಿಯಲ್ಲಿ ಸೀಸದ ಸಲ್ಫೇಟ್ ಹರಳುಗಟ್ಟಿ ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಒಬ್ಬ ಮಗನಿಗೆ 20 ಅಂಕ, ಇನ್ನೊಬ್ಬನಿಗೆ 80 ಬಂದರೆ ಸರಾಸರಿ ನೋಡಿದ ಅಪ್ಪ ಇಬ್ಬರೂ ಪಾಸು ಅಂದುಕೊಂಡ ಹಾಗೆ ಇದು. ಜೋಡೆತ್ತಿನ ಗಾಡಿಯಲ್ಲಿ ಒಂದೇ ಎತ್ತಿನ ಹೆಗಲಿಗೆ ಇನ್ನೊಂದು ಮೂಟೆ ಹೇರಿ, ಸಂಜೆ ಇಬ್ಬರಿಗೂ ಒಂದೇ ಅಳತೆ ಮೇವು ಹಾಕಿದ ಹಾಗೆ.

ಹಾಗಾದರೆ ದಾರಿ? ಟ್ರೇಲರ್ ಈ ಲಾರಿಗೇ ಮೀಸಲಾದರೆ 24ರ ಬಲ್ಬ್ ಹಾಕಿ, ಇಲ್ಲವೇ 10ರಿಂದ 30 ವೋಲ್ಟ್ ಅಂತ ಬರೆದಿರುವ ಎಲ್‌ಇಡಿ ಲೈಟ್ ಹಾಕಿ. ಅಷ್ಟೇ.

ನಾಳೆ ಅದೇ ಟ್ರೇಲರನ್ನು ಕಾರಿಗೂ ಕಟ್ಟಬೇಕು ಅಂದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕು. ಅದು ಎರಡೂ ಬ್ಯಾಟರಿಯಿಂದ ಸಮನಾಗಿ ಎಳೆಯುತ್ತದೆ. ಒಳಗಿನ ಸ್ವಿಚ್ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತದೆ. ನಲ್ಲಿಯನ್ನು ಅರ್ಧ ಹೊತ್ತು ಬಿಟ್ಟು ಅರ್ಧ ಹೊತ್ತು ಕಟ್ಟಿ, ಕೆಳಗಿನ ತೊಟ್ಟಿಯಿಂದ ಒಂದೇ ಸಮ ನೀರು ಹರಿಸಿದ ಹಾಗೆ. ರೆಸಿಸ್ಟರಿನಂತೆ ಅರ್ಧಕ್ಕರ್ಧ ಸುಟ್ಟು ಹಾಕಲ್ಲ. ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣ ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ, ಆದ್ದರಿಂದ ಕನ್ವರ್ಟರ್ ಸ್ವಲ್ಪ ದೊಡ್ಡದೇ ಇರಲಿ. ಆಮೇಲೆ ಮೂರು ರಿಲೇ, ಅಂದರೆ ಒಂದು ವೈರಿನ ಕರೆಂಟಿನಿಂದ ಇನ್ನೊಂದನ್ನು ಹಚ್ಚುವ ಸ್ವಿಚ್: ಎಡ, ಬಲ, ಟೇಲ್. ಲಾರಿಯ 24ರ ವೈರ್ ರಿಲೇಯ ಕಾಯಿಲನ್ನು ಎಬ್ಬಿಸುತ್ತದೆ, ರಿಲೇ 12ನ್ನು ಟ್ರೇಲರಿಗೆ ಬಿಡುತ್ತದೆ. ಅಮೆರಿಕದ ಚಿಕ್ಕ ಟ್ರೇಲರುಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಫಿಲಮೆಂಟ್. ಎಂ35ರಲ್ಲೂ ಹಾಗೇ ಇರೋದರಿಂದ ಮೂರೇ ಸಾಕು.

ಟ್ರೇಲರ್ ಕಡೆ ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಕಂದು ಟೇಲಿಗೆ, ಬಿಳಿ ಅರ್ತಿಗೆ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಗೆ. ಲಾರಿ ಕಡೆ ಎಲ್ಲವೂ ಕಪ್ಪು ವೈರ್, ಗುರುತಿಗೆ ನಂಬರ್ ಕೊರೆದ ಪುಟ್ಟ ಲೋಹದ ಪಟ್ಟಿ. ಎಪ್ಪತ್ತು ವರ್ಷದ ಕೊಳೆ ಒರೆಸಿ ಆ ನಂಬರ್ ಓದಿ, ಮೀಟರ್ ಹಿಡಿದು ಖಚಿತ ಮಾಡಿಕೊಂಡೇ ಕತ್ತರಿ ಹಾಕಿ. ಬಿಳಿ ವೈರನ್ನು ಮಾತ್ರ ಬಿಡಬೇಡಿ. ಕೊಂಡಿಯೇ ಅರ್ತ್ ಕೊಡುತ್ತೆ ಅಂತ ಸುಮ್ನಿದ್ದರೆ, ಅದರ ತುಕ್ಕು ಗ್ರೀಸುಗಳ ನಡುವೆ ರಸ್ತೆಯ ಪ್ರತಿ ಗುಂಡಿಗೂ ಟ್ರೇಲರಿನ ಲೈಟು ಹೋಗಿ ಬರುತ್ತಿರುತ್ತದೆ.