ಶೇ 75ಕ್ಕೂ 80ಕ್ಕೂ ನಡುವೆ ಉಳಿದುಹೋದವರು

ಡೌನ್ ಸಿಂಡ್ರೋಮ್ ಇರುವ ಮಗುವಿನ ತಾಯಿ ಜೋಪಾನವಾಗಿ ಇಟ್ಟುಕೊಳ್ಳುವ ಕಾಗದಗಳು ಎರಡು. ಒಂದು, ವರ್ಣತಂತು ಪರೀಕ್ಷೆಯ ವರದಿ. 21ನೇ ವರ್ಣತಂತು ಎರಡಿರುವ ಬದಲು ಮೂರಿದೆ ಎನ್ನುವ ಆ ಮಾತು ಮಗು ಬದುಕಿರುವಷ್ಟು ಕಾಲವೂ ಬದಲಾಗುವುದಿಲ್ಲ. ಇನ್ನೊಂದು, ಅಂಗವೈಕಲ್ಯ ಪ್ರಮಾಣಪತ್ರ. ಅದನ್ನು ಮಗುವಿಗೆ 5, 10 ಮತ್ತು 18 ವರ್ಷವಾದಾಗ ಹೊಸದಾಗಿ ಮಾಡಿಸಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ವಿಧಿಸಿತು. ಹೋಗದ ಸ್ಥಿತಿಗೆ ಮುಗಿಯದ ಅಲೆದಾಟ.

ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ವಿವರಿಸಿದಾಗ, ಮುಖಚಹರೆ ನೋಡಿ ಅವರನ್ನು 'ಮಂಗೋಲ್' ಎಂದು ಕರೆದರು. ಒಂದು ಜನಾಂಗದ ಹೆಸರನ್ನೇ ಕಾಯಿಲೆಯ ಹೆಸರಾಗಿಸಿದ ಆ ಪದ ವೈದ್ಯಗ್ರಂಥಗಳಲ್ಲಿ ಸುಮಾರು ನೂರು ವರ್ಷ ಉಳಿಯಿತು. 1965ರಲ್ಲಿ ಮಂಗೋಲಿಯಾದ ಪ್ರತಿನಿಧಿಗಳು ಆಕ್ಷೇಪಿಸಿದ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಕಾರಣ ತಿಳಿದದ್ದು ಅದಕ್ಕೂ ಮೊದಲು, 1959ರಲ್ಲಿ. ಹೆಚ್ಚುವರಿ ವರ್ಣತಂತುವನ್ನು ಪ್ಯಾರಿಸ್‌ನಲ್ಲಿ ಪತ್ತೆ ಹಚ್ಚಿದ ಕೀರ್ತಿ ಜೆರೋಮ್ ಲೆಜೂನ್ ಅವರಿಗೆ ಸಂದಿತು. ಅದಕ್ಕೆ ಬೇಕಾದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದ ಮಾರ್ತ್ ಗೋತಿಯೆ ಅವರ ಹೆಸರು ದಶಕಗಳ ಕಾಲ ಹಿಂದೆ ಉಳಿಯಿತು.

ಭಾರತದಲ್ಲಿ ಇಂಥವರು ಎಷ್ಟು ಜನ? 800ರಿಂದ 1,000 ಶಿಶುಗಳಲ್ಲಿ ಒಂದಕ್ಕೆ ಎಂಬ ಅಂದಾಜನ್ನು ವರ್ಷದ ಸುಮಾರು 2.3 ಕೋಟಿ ಹೆರಿಗೆಗಳಿಗೆ ಅನ್ವಯಿಸಿದರೆ 23ರಿಂದ 29 ಸಾವಿರ ಸಿಗುತ್ತದೆ. ಇದು ಲೆಕ್ಕಾಚಾರ ಮಾತ್ರ, ಎಣಿಕೆಯಲ್ಲ. 2011ರ ಜನಗಣತಿ ಇವರನ್ನು 'ಬುದ್ಧಿಮಾಂದ್ಯರು' ಎಂಬ ಒಂದೇ ಕಾಲಂನಲ್ಲಿ, ಸುಮಾರು 15 ಲಕ್ಷ ಮಂದಿಯ ನಡುವೆ ಸೇರಿಸಿಬಿಟ್ಟಿತು. 1995ರ ಕಾಯ್ದೆಯಲ್ಲಿದ್ದ ಏಳು ಅಂಗವೈಕಲ್ಯಗಳನ್ನು 2016ರ ಕಾಯ್ದೆ 21ಕ್ಕೆ ಏರಿಸಿತು. ಆ ಪಟ್ಟಿಯಲ್ಲೂ ಡೌನ್ ಸಿಂಡ್ರೋಮ್ ಎಂಬ ಪ್ರತ್ಯೇಕ ಸಾಲಿಲ್ಲ. 'ಬೌದ್ಧಿಕ ಅಸಾಮರ್ಥ್ಯ'ದಡಿ ಅದು ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ತಪಾಸಣೆ ಮಾಡುವ 30 ಸ್ಥಿತಿಗಳಲ್ಲಿ ಮಾತ್ರ ಅದರ ಹೆಸರು ನೇರವಾಗಿ ಇದೆ. ಈ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುವುದರಿಂದ, ಬೇಗ ಗುರುತಿಸುವ ಈ ಕೆಲಸ ಜೀವ ಉಳಿಸುವ ಕೆಲಸವೇ.

ನೆರವಿನ ಮಾತಿಗೆ ಬಂದರೆ ಎಲ್ಲವೂ ಶೇಕಡಾವಾರಿನ ಮೇಲೆ ನಿಂತಿದೆ. ಪ್ರಮಾಣಪತ್ರದ ಅದೇ 2018ರ ಮಾರ್ಗಸೂಚಿ ಸೌಮ್ಯ ಬೌದ್ಧಿಕ ಅಸಾಮರ್ಥ್ಯಕ್ಕೆ ಶೇ 50, ಮಧ್ಯಮಕ್ಕೆ ಶೇ 75, ತೀವ್ರಕ್ಕೆ ಶೇ 90 ನಿಗದಿ ಮಾಡಿತು. ಡೌನ್ ಸಿಂಡ್ರೋಮ್ ಇರುವ ಹೆಚ್ಚಿನವರು ಮೊದಲ ಎರಡು ಗುಂಪಿನವರು. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಬಯಸುವವರಿಗೆ ಬಡತನದ ಜೊತೆ ಶೇ 80ರಷ್ಟು ವೈಕಲ್ಯ ಇರಬೇಕು. ಅಂದರೆ ಒಬ್ಬಂಟಿಯಾಗಿ ಬಸ್ ಹತ್ತಲಾಗದ, ಹಣ ಎಣಿಸಲಾಗದ ಯುವಕನೂ ಶೇ 75 ಪಡೆದರೆ, ಐದು ಶೇಕಡಾ ಅಂಶಗಳ ಕೊರತೆಯಿಂದ ಹೊರಗುಳಿಯುತ್ತಾನೆ! ಒಳಗೆ ಬಂದವರಿಗಾದರೂ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅಂಗವಿಕಲ ಅವಲಂಬಿತರನ್ನು ಸಾಕುವವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿಯೂ ಅದೇ ಗೆರೆ ಎಳೆಯುತ್ತದೆ: ಶೇ 80 ಇದ್ದರೆ 1.25 ಲಕ್ಷ ರೂಪಾಯಿ, ಕಡಿಮೆಯಿದ್ದರೆ 75 ಸಾವಿರ. ಕರ್ನಾಟಕ ಇಲ್ಲಿ ವಾಸಿ; ಆದಾಯ ಮಿತಿಯೊಳಗಿನವರಿಗೆ ಶೇ 40ರಿಂದಲೇ ಮಾಸಾಶನ ಕೊಡುತ್ತದೆ. ಮೊತ್ತ ಸಾಲುವುದಿಲ್ಲ, ಆದರೆ ಬಾಗಿಲಾದರೂ ತೆರೆದಿದೆ.

'ನಾವು ಹೋದ ಮೇಲೆ ಇವನಿಗೆ ಯಾರು?' ಎಂಬ ತಂದೆ-ತಾಯಿಗಳ ಪ್ರಶ್ನೆಯೇ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಬೇರು. ಅದರಡಿಯ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಥೆರಪಿ ವೆಚ್ಚ ಭರಿಸುತ್ತದೆ. 18 ತುಂಬಿದವರಿಗೆ ಅಗತ್ಯವಿದ್ದರೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಹೆತ್ತವರೂ ಇದಕ್ಕೆ ಅರ್ಜಿ ಹಾಕಲೇಬೇಕು ಎಂಬುದು ಅನೇಕ ಮನೆಗಳಿಗೆ ಗೊತ್ತಾಗುವುದು ಬ್ಯಾಂಕಿನ ಕೌಂಟರಿನ ಮುಂದೆ ನಿಂತಾಗ.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇವರ ಸರಾಸರಿ ಆಯುಷ್ಯ 25ರ ಆಸುಪಾಸಿನಲ್ಲಿತ್ತು. ಹೃದಯ ಶಸ್ತ್ರಚಿಕಿತ್ಸೆ ಸುಲಭವಾದಂತೆ ಅದು 60ರ ಹತ್ತಿರ ಬಂದಿದೆ. 35ನೇ ವಯಸ್ಸಿನಲ್ಲಿ ಹೆತ್ತ ತಾಯಿಗೆ, ಮಗನಿಗೆ 50 ತುಂಬುವ ದಿನ 85.