ಸ್ಯಾಸ್‌ನಲ್ಲಿ ಕೀಪ್ ಎಲ್ಲಿ ಬರೆಯಬೇಕು?

ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್ ಆದ ಸ್ಯಾಸ್‌ನಲ್ಲಿ (SAS), 400 ಕಾಲಂ ಇರುವ ಡೇಟಾಸೆಟ್‌ನಿಂದ ಐದಾರು ವೇರಿಯಬಲ್, ಅಂದರೆ ಕಾಲಂ, ಸಾಕು ಎಂದಾಗ ಹೆಚ್ಚಿನವರು ಬರೆಯುವುದು ಬೇಕಾದವನ್ನಷ್ಟೇ ಉಳಿಸುವ ಕೀಪ್ ಸ್ಟೇಟ್‌ಮೆಂಟ್. ತಪ್ಪಿಲ್ಲ. ಆದರೆ ಡೇಟಾ ಸ್ಟೆಪ್‌ನ (ಡೇಟಾಸೆಟ್ ಓದಿ ಹೊಸದನ್ನು ಬರೆಯುವ ಪ್ರೋಗ್ರಾಂ ಭಾಗ) ಯಾವ ಸಾಲಿನಲ್ಲಿ ಬರೆದರೂ ಅದು ಅನ್ವಯವಾಗುವುದು ಔಟ್‌ಪುಟ್ ಬರೆಯುವಾಗ ಮಾತ್ರ. ಅಷ್ಟರಲ್ಲಿ 400 ಕಾಲಂಗಳೂ ಪಿಡಿವಿಯೊಳಗೆ, ಅಂದರೆ ಒಂದೊಂದೇ ಸಾಲನ್ನು ಇಟ್ಟುಕೊಂಡು ಕೆಲಸ ಮಾಡುವ ಮೆಮೊರಿಗೆ, ಬಂದಾಗಿರುತ್ತವೆ. ಡೇಟಾ ಓದುವ ಸೆಟ್ ಸ್ಟೇಟ್‌ಮೆಂಟ್‌ನಲ್ಲಿ ಡೇಟಾಸೆಟ್ ಹೆಸರಿನ ನಂತರ ಆವರಣದಲ್ಲಿ ಕೀಪ್= ಕೊಟ್ಟರೆ ಬೇಕಾದವಷ್ಟೇ ಒಳಗೆ ಬರುತ್ತವೆ. ಫೈಲ್ ದೊಡ್ಡದಿದ್ದರೆ ಇದೇ ಸರಿಯಾದ ಜಾಗ.

ಅಪಾಯ ಇರುವುದೂ ಇಲ್ಲೇ. ತೂಕ, ಎತ್ತರಗಳಿಂದ ಬಿಎಂಐ ಲೆಕ್ಕ ಹಾಕಬೇಕು; ಸೆಟ್‌ನ ಕೀಪ್= ಪಟ್ಟಿಯಲ್ಲಿ ಎತ್ತರ ಬಿಟ್ಟುಹೋಗಿದೆ ಎನ್ನಿ. ಸ್ಯಾಸ್ ನಿಲ್ಲುವುದಿಲ್ಲ. ಎತ್ತರ ಎಂಬ ಹೊಸ ವೇರಿಯಬಲ್ಲನ್ನು ತಾನೇ ಹುಟ್ಟಿಸಿ, ಎಲ್ಲ ಸಾಲಿಗೂ ಮಿಸ್ಸಿಂಗ್ (ಖಾಲಿ ಮೌಲ್ಯ) ತುಂಬಿ, ಬಿಎಂಐಯನ್ನೂ ಮಿಸ್ಸಿಂಗ್ ಮಾಡಿ ಮುಗಿಸುತ್ತದೆ. ಔಟ್‌ಪುಟ್‌ನಲ್ಲಿ ಎತ್ತರದ ಕಾಲಂ ಇದ್ದೇ ಇರುವುದರಿಂದ ಅನುಮಾನವೂ ಬರುವುದಿಲ್ಲ. ಪ್ರೋಗ್ರಾಂ ಓಡಿದ ವರದಿಯಾದ ಲಾಗ್‌ನಲ್ಲಿ ‘ಅನ್‌ಇನಿಷಿಯಲೈಸ್ಡ್’ (ಬೆಲೆಯೇ ಕೊಟ್ಟಿಲ್ಲ) ಎಂಬ ಒಂದು ನೋಟ್ ಇರುತ್ತದೆ, ಅಷ್ಟೇ. ಎರರ್ ಮಾತ್ರ ಹುಡುಕುವವರ ಕಣ್ಣಿಗೆ ಅದು ಬೀಳುವುದಿಲ್ಲ. 9.4 ಆವೃತ್ತಿಯಲ್ಲಿ ವಾರ್‌ಇನಿಟ್‌ಚೆಕ್ (VARINITCHK) ಆಪ್ಷನ್ನನ್ನು ಎರರ್‌ಗೆ ಇಟ್ಟರೆ ಸ್ಟೆಪ್ ಅಲ್ಲೇ ನಿಲ್ಲುತ್ತದೆ. ದಿನನಿತ್ಯ ಓಡುವ ಪ್ರೋಗ್ರಾಂಗಳಲ್ಲಿ ಇದು ಇರಲೇಬೇಕು.

ಲೆಕ್ಕಕ್ಕೆ ಬೇಕು, ಫಲಿತಾಂಶದಲ್ಲಿ ಬೇಡ ಎನ್ನುವ ವೇರಿಯಬಲ್ಲನ್ನು, ಔಟ್‌ಪುಟ್‌ಗೆ ಹೆಸರಿಡುವ ಡೇಟಾ ಸ್ಟೇಟ್‌ಮೆಂಟ್‌ನ ಆವರಣದಲ್ಲಿ ಡ್ರಾಪ್= ಕೊಟ್ಟು ಬಿಡಿ. ಒಂದೇ ಸ್ಟೆಪ್‌ನಿಂದ ಎರಡು ಡೇಟಾಸೆಟ್ ಹೊರಡುವುದಿದ್ದರೆ ಒಂದೊಂದಕ್ಕೂ ಬೇರೆ ಪಟ್ಟಿ ಕೊಡಬಹುದು. ಕೀಪ್ ಸ್ಟೇಟ್‌ಮೆಂಟ್ ಆದರೆ ಎರಡಕ್ಕೂ ಒಂದೇ.

ಒಂದೇ ಆವರಣದಲ್ಲಿ ಕೀಪ್=, ರಿನೇಮ್= (ಹೆಸರು ಬದಲಿಸಲು), ವೇರ್= (ಷರತ್ತಿನಿಂದ ಸಾಲು ಆರಿಸಲು) ಮೂರೂ ಇದ್ದಾಗ ಬರೆದ ಕ್ರಮಕ್ಕೆ ಬೆಲೆಯಿಲ್ಲ. ಮೊದಲು ಕೀಪ್, ನಂತರ ರಿನೇಮ್, ಕೊನೆಗೆ ವೇರ್. ಹಾಗಾಗಿ ಕೀಪ್‌ನಲ್ಲಿ ಹಳೆಯ ಹೆಸರು, ವೇರ್‌ನಲ್ಲಿ ಹೊಸ ಹೆಸರು. ವೇರ್‌ನಲ್ಲಿ ಬಳಸುವ ವೇರಿಯಬಲ್ ಕೀಪ್‌ನಲ್ಲೂ ಇರಬೇಕು. ಎರಡು ಡೇಟಾಸೆಟ್ ಜೋಡಿಸುವಾಗ (ಮರ್ಜ್) ಸಾಲುಗಳನ್ನು ಹೊಂದಿಸುವ ಬೈ ವೇರಿಯಬಲ್‌ಗೂ ಇದೇ ನಿಯಮ. ಇವೆರಡರಲ್ಲಿ ತಪ್ಪಿದರೆ ಪುಣ್ಯಕ್ಕೆ ಎರರ್ ಬರುತ್ತದೆ.

ಉದ್ದದ ಪಟ್ಟಿಗೆ ಅಡ್ಡದಾರಿಗಳಿವೆ. ಬಿಪಿ1-ಬಿಪಿ5 ಎಂದರೆ ಸಂಖ್ಯೆಯ ಪ್ರಕಾರ ಐದೂ. ಬಿಪಿ: ಎಂದರೆ ಆ ಅಕ್ಷರಗಳಿಂದ ಶುರುವಾಗುವ ಎಲ್ಲವೂ. ಎರಡು ಗೆರೆಯ ವಯಸ್ಸು--ತೂಕ ಮಾತ್ರ ಹೆಸರನ್ನಲ್ಲ, ಕಾಲಂ ಇರುವ ಸ್ಥಾನವನ್ನು ನೋಡುತ್ತದೆ. ನಡುವೆ ಯಾರಾದರೂ ಹೊಸ ಕಾಲಂ ಸೇರಿಸಿದರೆ ಅದೂ ಸದ್ದಿಲ್ಲದೆ ಒಳಗೆ ಬರುತ್ತದೆ. ಬಳಸುವ ಮುನ್ನ ಕಾಲಂಗಳ ಪಟ್ಟಿ ಕೊಡುವ ಪ್ರಾಕ್ ಕಂಟೆಂಟ್ಸ್ ಅನ್ನು ವಾರ್‌ನಮ್ (VARNUM) ಆಪ್ಷನ್ ಜೊತೆ ಓಡಿಸಿ. ಅದಿಲ್ಲದಿದ್ದರೆ ಪಟ್ಟಿ ಅಕಾರಾದಿಯಾಗಿ ಬರುತ್ತದೆ, ನಿಜವಾದ ಸ್ಥಾನಕ್ರಮ ಕಾಣುವುದಿಲ್ಲ.